ಎಸಿ ಹೋಗಿದೆ ಎಂದರೆ ಯಾವುದು ಹೋಗಿದೆ?

ನಿಮ್ಮ ಊರಿನಲ್ಲೋ ಪಕ್ಕದ ಊರಿನಲ್ಲೋ ಒಂದು ಮೊಬೈಲ್ ಗೋಪುರ ಇದ್ದೇ ಇರುತ್ತದೆ. ಎಲ್ಲರೂ ಅದರ ತುದಿಯನ್ನು ನೋಡುತ್ತಾರೆ. ಮುಂದಿನ ಸಲ ಆ ಕಡೆ ಹೋದಾಗ ನೀವು ಅದರ ಬುಡವನ್ನು ನೋಡಿ. (ಬೇಲಿಯ ಹೊರಗಿನಿಂದಲೇ ನೋಡಿ, ಒಳಗೆ ಹೋಗಬೇಡಿ.) ಅಲ್ಲಿ ಒಂದು ಪುಟ್ಟ ಕೋಣೆಯೋ, ಬೀರುವಿನಂಥ ಕಬ್ಬಿಣದ ಪೆಟ್ಟಿಗೆಗಳೋ ಕಾಣುತ್ತವೆ. ಪಕ್ಕದಲ್ಲಿ ಡೀಸೆಲ್ ಜನರೇಟರ್ ಇರಬಹುದು. ಬಾಗಿಲಿಗೆ ಬೀಗ ಹಾಕಿರುತ್ತದೆ. ದಿನದ ಬಹುಪಾಲು ಅಲ್ಲಿ ಯಾರೂ ಇರುವುದಿಲ್ಲ. ಹಾಗಾದರೆ ಒಳಗಿನ ಉಪಕರಣ ಕೆಟ್ಟರೆ ಯಾರಿಗೆ, ಹೇಗೆ ಗೊತ್ತಾಗುತ್ತದೆ?

ಉಪಕರಣವೇ ಹೇಳುತ್ತದೆ. ತನಗೆ ತೊಂದರೆಯಾದಾಗ ಅದು ದೂರದ ನಗರದಲ್ಲಿರುವ ಒಂದು ಕೇಂದ್ರಕ್ಕೆ ಸಂದೇಶ ಕಳಿಸುತ್ತದೆ. ಈ ಸಂದೇಶಕ್ಕೆ ‘ಅಲಾರಂ’ ಎಂದು ಹೆಸರು. ನಿಮ್ಮ ಮನೆಯ ಗಡಿಯಾರದ ಅಲಾರಂ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುತ್ತದೆ. ಈ ಅಲಾರಂ ಮುನ್ನೂರು ಕಿಲೋಮೀಟರ್ ಆಚೆ ಕುಳಿತವರನ್ನು ಎಬ್ಬಿಸಬೇಕು. ಹಾಗೆ ಕುಳಿತವರಲ್ಲಿ ನಾನೂ ಒಬ್ಬನಾಗಿದ್ದೆ. 2000ದ ದಶಕದಲ್ಲಿ ಕೆಲವು ವರ್ಷ ಬೆಂಗಳೂರಿನ ಒಂದು ದೂರವಾಣಿ ಕಂಪನಿಯ ಜಾಲ ನಿಗಾ ಕೇಂದ್ರದಲ್ಲಿ ಕೆಲಸ ಮಾಡಿದೆ. ಗೋಡೆಯ ತುಂಬ ಪರದೆಗಳು, ಪರದೆಯ ತುಂಬ ಸಾಲುಗಳು. ಒಂದೊಂದು ಸಾಲೂ ಒಂದೊಂದು ಅಲಾರಂ. ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಅವು ಮೇಲಿನಿಂದ ಕೆಳಕ್ಕೆ ಉರುಳುತ್ತಲೇ ಇರುತ್ತಿದ್ದವು.

ಒಂದು ಪ್ರಸಂಗ ಹೇಳುತ್ತೇನೆ. ಅದಕ್ಕೆ ಮೊದಲು ಗೋಪುರದ ಕೋಣೆಯೊಳಗೆ ಏನಿರುತ್ತದೆಂದು ತಿಳಿದುಕೊಳ್ಳೋಣ.

ದೂರವಾಣಿ ಉಪಕರಣಗಳು ನಿಮ್ಮ ಮನೆಯ ಫ್ಯಾನಿನಂತೆ 230 ವೋಲ್ಟಿನಲ್ಲಿ ಓಡುವುದಿಲ್ಲ. ಅವುಗಳಿಗೆ ಬೇಕಾದುದು 48 ವೋಲ್ಟಿನ ನೇರ ವಿದ್ಯುತ್ತು. ಕಂಬದಿಂದ ಬರುವ ಪರ್ಯಾಯ ವಿದ್ಯುತ್ತನ್ನು ಒಂದು ಪೆಟ್ಟಿಗೆ ನೇರ ವಿದ್ಯುತ್ತಾಗಿ ಬದಲಿಸುತ್ತದೆ. ಜೊತೆಗೆ ಬ್ಯಾಟರಿಗಳನ್ನೂ ತುಂಬಿಸುತ್ತದೆ. ತಲಾ 2 ವೋಲ್ಟಿನ 24 ಸೀಸದ ಕೋಶಗಳನ್ನು ಸಾಲಾಗಿ ಜೋಡಿಸಿದರೆ ಎಷ್ಟಾಯಿತು? ಸರಿ, 48. ಕರೆಂಟು ಹೋದ ಕ್ಷಣದಲ್ಲೇ ಬ್ಯಾಟರಿಗಳು ಹೊರೆ ಹೊತ್ತುಕೊಳ್ಳುತ್ತವೆ, ಮಾತಾಡುತ್ತಿರುವವರಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಜನರೇಟರ್ ಚಾಲೂ ಆಗಬೇಕು. ಆಗದಿದ್ದರೆ ಬ್ಯಾಟರಿ ಕೆಲವು ಗಂಟೆ ಎಳೆದು, ನಿಧಾನವಾಗಿ ಸೋತು, ಕೊನೆಗೆ ಕೈಬಿಡುತ್ತದೆ. ಗೋಪುರ ಮೂಕವಾಗುತ್ತದೆ.

ಉಪಕರಣ ಬಿಸಿಯಾಗಬಾರದೆಂದು ಆ ಕಾಲದ ಕೋಣೆಗಳಲ್ಲಿ ಹವಾನಿಯಂತ್ರಕವನ್ನೂ ಇಡುತ್ತಿದ್ದರು. ಎಲ್ಲ ಉಪಕರಣಗಳಿಗೂ ಇದು ಬೇಕೆಂದೇನಿಲ್ಲ. ನಮ್ಮ ದೇಶದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ರೂಪಿಸಿದ 128 ಮಾರ್ಗಗಳ ದೂರವಾಣಿ ವಿನಿಮಯ ಕೇಂದ್ರವು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಕೆಲಸ ಶುರುಮಾಡಿತು. ದೂಳಿಗೂ ಸೆಕೆಗೂ ಹೆದರದೆ, ಹವಾನಿಯಂತ್ರಕವಿಲ್ಲದೆಯೇ ನಡೆಯುವುದು ಅದರ ಹೆಮ್ಮೆ. ನನಗೆ ಇವತ್ತಿಗೂ ಅದು ಬಹಳ ಇಷ್ಟವಾದ ಯಂತ್ರ.

ಈಗ ಪ್ರಸಂಗಕ್ಕೆ ಬರೋಣ. ಜುಲೈ ತಿಂಗಳು, ಮಲೆನಾಡಿನಲ್ಲಿ ಜೋರು ಮಳೆ. ರಾತ್ರಿ ಒಂಬತ್ತೂ ನಲವತ್ತಕ್ಕೆ ಅಲ್ಲಿನ ಒಂದು ಗೋಪುರದಿಂದ ಸಂದೇಶ ಬಂತು: ‘ಎಸಿ ಫೇಲ್’. ರಾತ್ರಿ ಪಾಳಿಯಲ್ಲಿದ್ದವರು ಅನುಭವಿಗಳು. ಅವರು ಯೋಚಿಸಿದ್ದು ಹೀಗೆ: ಹವಾನಿಯಂತ್ರಕ ಕೆಟ್ಟಿದೆ, ಹೊರಗೆ ಮಳೆ, ಥಂಡಿ, ಕೋಣೆ ಬಿಸಿಯಾಗುವ ಭಯವಿಲ್ಲ, ಬೆಳಿಗ್ಗೆ ಮೆಕ್ಯಾನಿಕ್ ಕಳಿಸಿದರಾಯಿತು. ನೀವಾಗಿದ್ದರೂ ಹಾಗೆಯೇ ಯೋಚಿಸುತ್ತಿದ್ದಿರಿ. ಆದರೆ ಆ ಸಂದೇಶದ ‘ಎಸಿ’ ಹವಾನಿಯಂತ್ರಕ ಆಗಿರಲಿಲ್ಲ. ಅದು ಪರ್ಯಾಯ ವಿದ್ಯುತ್ತು! ಇಂಗ್ಲಿಷಿನಲ್ಲಿ ಎರಡಕ್ಕೂ ಚುಟುಕು ಹೆಸರು ಎಸಿಯೇ. ಮರ ಬಿದ್ದು ತಂತಿ ಹರಿದು ಕರೆಂಟು ಹೋಗಿತ್ತು. ಜನರೇಟರ್ ಚಾಲೂ ಆಗಿರಲಿಲ್ಲ.

ಎರಡೂ ಕಾಲರ ಹೊತ್ತಿಗೆ ಅದೇ ಗೋಪುರ ಇನ್ನೊಂದು ಸಂದೇಶ ಕಳಿಸಿತು: ‘ಬಾಹ್ಯ ಅಲಾರಂ 3’. ಇದೇನೆಂದು ಹೇಳುತ್ತೇನೆ. ಬಾಗಿಲು, ಹೊಗೆ, ಡೀಸೆಲ್ ಮಟ್ಟ, ಬ್ಯಾಟರಿ ಮುಂತಾದವನ್ನು ಗಮನಿಸುವ ಸಂವೇದಕಗಳಿಂದ ಒಂದೊಂದು ಜೊತೆ ತಂತಿ ಎಳೆದು ಮುಖ್ಯ ಉಪಕರಣದ 1, 2, 3, 4 ಎಂಬ ಕಿಂಡಿಗಳಿಗೆ ಸಿಕ್ಕಿಸುತ್ತಾರೆ. ಯಾವ ಕಿಂಡಿಗೆ ಯಾವ ತಂತಿ ಎಂಬುದು ಸಿಕ್ಕಿಸಿದವರ ಇಷ್ಟ. ಹೆಚ್ಚಿನ ಗೋಪುರಗಳಲ್ಲಿ 3 ಎಂದರೆ ‘ಬಾಗಿಲು ತೆರೆದಿದೆ’ ಎಂದಿತ್ತು. ಈ ಗೋಪುರದಲ್ಲಿ ಮಾತ್ರ 3 ಎಂದರೆ ‘ಬ್ಯಾಟರಿಯ ವೋಲ್ಟೇಜ್ ಇಳಿಯುತ್ತಿದೆ’. ಮೂರು ಗಂಟೆಗೆ ಗೋಪುರ ಮೂಕವಾಯಿತು.

ಕೆಲವು ದಿನಗಳ ನಂತರ ಆ ಊರಿನಿಂದ ಒಂದು ಕಾಗದ ಬಂತು. ಆ ರಾತ್ರಿ ಒಂದು ಮನೆಯಲ್ಲಿ ಅಜ್ಜಿಗೆ ಉಬ್ಬಸ ಜೋರಾಗಿ ಉಸಿರು ಸಿಕ್ಕಿಕೊಂಡಿತ್ತು. ಫೋನು ಹತ್ತಲಿಲ್ಲ. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗ ಟಾರ್ಚು ಹಿಡಿದುಕೊಂಡು, ಮಳೆಯಲ್ಲಿ ಸೈಕಲ್ ತುಳಿದು, ಆರು ಕಿಲೋಮೀಟರ್ ದೂರದ ಕೈಮರದ ಬಳಿ ಇದ್ದ ಜೀಪಿನವರನ್ನು ಎಬ್ಬಿಸಿದ್ದ. ಜೀಪು ಬಂತು, ಅಜ್ಜಿ ಉಳಿದರು. ಹುಡುಗನ ತಂದೆ ಬರೆದ ಆ ಕಾಗದದಲ್ಲಿ ಬೈಗುಳವೇನೂ ಇರಲಿಲ್ಲ. ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಇತ್ತು. ‘ಸ್ವಾಮಿ, ನಿಮ್ಮ ಯಂತ್ರ ನಿಮಗೆ ಹೇಳಲಿಲ್ಲವೇ?’

ಹೇಳಿತ್ತು. ಎರಡು ಸಲ ಹೇಳಿತ್ತು. ಹೇಳಿದ ಮಾತು ಯಾರಿಗೂ ಅರ್ಥವಾಗುವ ಹಾಗಿರಲಿಲ್ಲ.

ಅಲ್ಲಿಂದ ನನ್ನ ಕೆಲಸ ಬದಲಾಯಿತು. ಪರದೆ ನೋಡುವ ಕೆಲಸ ಬಿಟ್ಟು, ಅಲಾರಂಗಳಿಗೆ ಅರ್ಥ ಗೊತ್ತುಮಾಡುವ ಚಿಕ್ಕ ತಂಡಕ್ಕೆ ಸೇರಿದೆ. ಕೇಳಿದರೆ ಸಪ್ಪೆ ಕೆಲಸ ಅನ್ನಿಸುತ್ತದೆ, ಅಲ್ಲವೇ? ನನ್ನ ಗೆಳೆಯರೂ ಹಾಗೆಯೇ ಅಂದರು.

ನೀವು ಶಾಲೆಗೆ ಸೇರಿದ ದಿನ ನಿಮ್ಮ ಮನೆಯವರು ಒಂದು ಅರ್ಜಿ ತುಂಬಿದ್ದರು. ಹೆಸರು ಒಂದು ಚೌಕದಲ್ಲಿ, ಹುಟ್ಟಿದ ದಿನಾಂಕ ಒಂದು ಚೌಕದಲ್ಲಿ, ಊರು ಇನ್ನೊಂದರಲ್ಲಿ. ಅರ್ಜಿಯ ಬದಲು ಪ್ರತಿಯೊಬ್ಬರೂ ತಮಗೆ ತೋಚಿದಂತೆ ಒಂದೊಂದು ಪುಟ ಬರೆದು ಕೊಟ್ಟಿದ್ದರೆ ಮುಖ್ಯೋಪಾಧ್ಯಾಯರ ಗತಿ ಏನಾಗುತ್ತಿತ್ತು, ಊಹಿಸಿ. ಚೌಕವಿದ್ದರೆ ಯಾವ ಮಾಹಿತಿ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ; ಯಾವ ಚೌಕ ಖಾಲಿ ಉಳಿದಿದೆ ಎಂಬುದೂ ತಕ್ಷಣ ಕಾಣುತ್ತದೆ. ಗಣಕಕ್ಕೂ ಇದೇ ಅನುಕೂಲ. ಹೀಗೆ ಚೌಕಟ್ಟಿಗೆ ಹಾಕಿದ ಮಾಹಿತಿಯನ್ನು ‘ರಚನಾಬದ್ಧ ದತ್ತಾಂಶ’ ಎನ್ನುತ್ತಾರೆ.

ಗಣಕಕ್ಕೆ ಚೌಕ ಎಳೆದು ತೋರಿಸಲು ಹಲವು ವಿಧಾನಗಳಿವೆ. ಅವುಗಳಲ್ಲಿ ಎಕ್ಸ್‌ಎಂಎಲ್ ಎಂಬುದು 1998ರಲ್ಲಿ ಬಂತು. ಅದರಲ್ಲಿ ಪ್ರತಿ ಮಾಹಿತಿಯ ಹಿಂದೆ ಮುಂದೆ ಒಂದೊಂದು ಹೆಸರುಪಟ್ಟಿ ಅಂಟಿಸುತ್ತಾರೆ. ಹೆಸರುಪಟ್ಟಿ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವಿಲ್ಲ, ಕನ್ನಡ ಅಕ್ಷರಗಳೂ ನಡೆಯುತ್ತವೆ. ನಮ್ಮ ಮಲೆನಾಡಿನ ಗೋಪುರ ಆ ರಾತ್ರಿ ಹೀಗೆ ಹೇಳಬಹುದಾಗಿತ್ತು:

<ಎಚ್ಚರಿಕೆ>
<ಎಲ್ಲಿ>ಗೋಪುರ-14/ವಿದ್ಯುತ್-ಪೆಟ್ಟಿಗೆ/ಬ್ಯಾಟರಿ-1</ಎಲ್ಲಿ>
<ಬಗೆ>ವೋಲ್ಟೇಜ್-ಇಳಿಕೆ</ಬಗೆ>
<ತೀವ್ರತೆ>ಅತಿ-ಗಂಭೀರ</ತೀವ್ರತೆ>
<ಯಾವಾಗ>ರಾತ್ರಿ 02:15</ಯಾವಾಗ>
<ಸರಿಹೋಯಿತೇ>ಇಲ್ಲ</ಸರಿಹೋಯಿತೇ>
</ಎಚ್ಚರಿಕೆ>

ಓರೆ ಗೆರೆ ಇರುವ ಹೆಸರುಪಟ್ಟಿ ಚೌಕ ಮುಗಿಯಿತು ಎಂಬುದರ ಗುರುತು. ‘ಎಲ್ಲಿ’ ಎಂಬ ಚೌಕವನ್ನು ಗಮನಿಸಿ. ಜಿಲ್ಲೆ, ತಾಲ್ಲೂಕು, ಗ್ರಾಮ, ಮನೆ ಎಂದು ನಾವು ವಿಳಾಸ ಬರೆಯುತ್ತೇವಲ್ಲ, ಹಾಗೆಯೇ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ರಿಪೇರಿಗೆ ಹೋಗುವವರು ಯಾವ ಬೀರುವಿನ ಬಾಗಿಲು ತೆಗೆಯಬೇಕೆಂದು ಅದರಿಂದಲೇ ತಿಳಿಯುತ್ತದೆ. ‘ಬಗೆ’ ಎಂಬ ಚೌಕದಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯುವಂತಿಲ್ಲ. ಮೊದಲೇ ಒಪ್ಪಿಕೊಂಡ ಪಟ್ಟಿಯಲ್ಲಿರುವ ಹೆಸರನ್ನೇ ಬರೆಯಬೇಕು. ಆ ಪಟ್ಟಿಯಲ್ಲಿ ‘ಎಸಿ ಫೇಲ್’ ಎಂಬ ಹೆಸರಿಗೆ ಜಾಗವಿಲ್ಲ. ‘ಕಂಬದ-ವಿದ್ಯುತ್-ಇಲ್ಲ’ ಎಂಬುದು ಒಂದು ಬಗೆ, ‘ತಂಪುಯಂತ್ರ-ನಿಂತಿದೆ’ ಎಂಬುದು ಇನ್ನೊಂದು.

ತೀವ್ರತೆಯ ಹೆಸರುಗಳನ್ನು ನಾವು ಕಂಡುಹಿಡಿಯಬೇಕಾಗಿರಲಿಲ್ಲ. ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1992ರಲ್ಲೇ ‘ಎಕ್ಸ್.733’ ಎಂಬ ಶಿಫಾರಸಿನಲ್ಲಿ ಅವನ್ನು ಗೊತ್ತುಮಾಡಿತ್ತು. (ಈ ಒಕ್ಕೂಟ ಹುಟ್ಟಿದ್ದು 1865ರಲ್ಲಿ, ಟೆಲಿಗ್ರಾಫಿನ ಕಾಲದಲ್ಲಿ. ಟೆಲಿಫೋನಿಗಿಂತಲೂ ಹಿರಿಯದು!) ಸೇವೆ ನಿಂತಿದೆ, ಈ ಕ್ಷಣವೇ ಏಳಬೇಕು ಎಂದರೆ ಅತಿ ಗಂಭೀರ. ಸೇವೆಗೆ ಪೆಟ್ಟು ಬಿದ್ದಿದೆ, ಬೇಗ ನೋಡಬೇಕು ಎಂದರೆ ಗಂಭೀರ. ದೋಷವಿದೆ ಆದರೆ ಸೇವೆ ನಡೆಯುತ್ತಿದೆ ಎಂದರೆ ಕಿರಿಯ. ಇನ್ನೂ ಏನೂ ಆಗಿಲ್ಲ, ಆಗಬಹುದು ಎಂದರೆ ಮುನ್ಸೂಚನೆ. ಇವಲ್ಲದೆ ‘ನಿರ್ಧರಿಸಲಾಗದು’, ‘ಸರಿಹೋಗಿದೆ’ ಎಂಬ ಎರಡು ಹೆಸರುಗಳೂ ಉಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಮಗೆ ಬೆಳಿಗ್ಗೆ 100 ಡಿಗ್ರಿ ಜ್ವರ ಇತ್ತು, ಸಂಜೆ 103 ಆಯಿತು ಎನ್ನಿ. ನಿಮಗೆ ಬಂದಿರುವುದು ಎಷ್ಟು ಜ್ವರ? ಒಂದೇ. ಅದೇ ಜ್ವರ ಏರಿದೆ ಅಷ್ಟೆ. ಹಾಗೆಯೇ ಬ್ಯಾಟರಿಯ ಅಲಾರಂ ಮೊದಲು ‘ಕಿರಿಯ’ ಎಂದು ಬಂದು ಆಮೇಲೆ ‘ಅತಿ ಗಂಭೀರ’ವಾದರೆ ಅದನ್ನು ಎರಡು ಸಾಲಾಗಿ ಬರೆಯಕೂಡದು. ‘ಎಲ್ಲಿ’ ಮತ್ತು ‘ಬಗೆ’ ಎರಡೂ ಒಂದೇ ಆಗಿದ್ದರೆ ಅಲಾರಂ ಒಂದೇ. ತೀವ್ರತೆ ಬದಲಾಗಬಹುದು, ಗುರುತು ಬದಲಾಗಬಾರದು. ಸರಿಹೋದಾಗಲೂ ಅದೇ ಗುರುತು ಹೇಳಿಕೊಂಡು ಬಂದು ತನ್ನ ಸಾಲನ್ನು ತಾನೇ ಅಳಿಸಬೇಕು. ಹಾಗೆ ಮಾಡದ ಉಪಕರಣಗಳೂ ನಮ್ಮಲ್ಲಿದ್ದವು. ‘ಕೆಟ್ಟಿದೆ’ ಎಂದು ಒಂದು ಹೆಸರಿನಲ್ಲಿ, ‘ಸರಿಹೋಯಿತು’ ಎಂದು ಬೇರೊಂದು ಹೆಸರಿನಲ್ಲಿ ಹೇಳುತ್ತಿದ್ದವು. ಎಂದೋ ಸರಿಹೋದ ದೋಷ ತಿಂಗಳುಗಟ್ಟಲೆ ಪರದೆಯ ಮೇಲೆ ಕೆಂಪಗೆ ಕೂತಿರುತ್ತಿತ್ತು. ಅಂಥವನ್ನು ನಾವು ‘ದೆವ್ವ’ ಎಂದೇ ಕರೆಯುತ್ತಿದ್ದೆವು.

ಎಲ್ಲ ಚೌಕಗಳೂ ಸಿದ್ಧವಾದವು. ಇನ್ನು ಉಪಕರಣ ಕಳಿಸಬಲ್ಲ ಪ್ರತಿಯೊಂದು ಸಂದೇಶವನ್ನೂ ಹೀಗೆ ಬರೆದುಬಿಟ್ಟರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಆಗಲಿಲ್ಲ. ಏಕೆಂದು ತಿಳಿಯಲು ಎರಡು ಹಳೆಯ ಅಪಘಾತಗಳನ್ನು ನೋಡೋಣ. ಅವು ದೂರವಾಣಿಯವಲ್ಲ, ಆದರೆ ಅಲಾರಂ ಬಗ್ಗೆ ಜಗತ್ತಿಗೆ ಪಾಠ ಕಲಿಸಿದವು.

1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತ್ರೀ ಮೈಲ್ ಐಲೆಂಡ್ ಎಂಬ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಅಪಘಾತವಾಯಿತು. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೇ ಬಡಿದುಕೊಂಡವು. ಅವನ್ನು ಕಾಗದದ ಮೇಲೆ ಮುದ್ರಿಸುತ್ತಿದ್ದ ಯಂತ್ರ ಎರಡು ಗಂಟೆಗೂ ಮೀರಿ ಹಿಂದೆ ಬಿತ್ತು. ಅಂದರೆ ಬೆಳಗಿನ ಆರು ಗಂಟೆಗೆ ಕಾಗದ ನೋಡಿದವರಿಗೆ ಕಾಣಿಸುತ್ತಿದ್ದುದು ನಾಲ್ಕು ಗಂಟೆಯ ಸುದ್ದಿ!

1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಮಿಲ್‌ಫರ್ಡ್ ಹೇವನ್‌ನಲ್ಲಿ ಒಂದು ತೈಲ ಶುದ್ಧೀಕರಣ ಘಟಕ ಸ್ಫೋಟಿಸಿತು. ಅಲ್ಲಿಯೂ ಎಲ್ಲ ಶುರುವಾದದ್ದು ಗುಡುಗು ಸಿಡಿಲಿನಿಂದಲೇ. ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಅಲಾರಂಗಳು ಬಂದಿದ್ದವು. ಭಾಗಿಸಿ ನೋಡಿ. ನಿಮಿಷಕ್ಕೆ 25, ಅಂದರೆ ಎರಡೂವರೆ ಸೆಕೆಂಡಿಗಿಂತ ಕಡಿಮೆ ಅವಧಿಗೆ ಒಂದು. ಈ ವಾಕ್ಯವನ್ನು ನೀವು ಓದಿ ಮುಗಿಸುವಷ್ಟರಲ್ಲಿ ಎರಡು ಅಲಾರಂ ಬಂದಿರುತ್ತವೆ. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ, 26 ಮಂದಿಗೆ ಗಾಯಗಳಾದವು.

ಎಲ್ಲರೂ ಒಟ್ಟಿಗೆ ಕೂಗಿದರೆ ತರಗತಿಯಲ್ಲಿ ಶಿಕ್ಷಕರಿಗೆ ಒಬ್ಬರ ಮಾತೂ ಕೇಳುವುದಿಲ್ಲ. ದೂರವಾಣಿ ಜಾಲದಲ್ಲಿ ಈ ಗದ್ದಲ ಇನ್ನೂ ಸುಲಭ. ಒಂದು ಕಡೆ ಕೇಬಲ್ ತುಂಡಾದರೆ ಅದರಿಂದಾಚೆಗಿನ ಪ್ರತಿಯೊಂದು ಉಪಕರಣವೂ ‘ನನಗೆ ಏನೂ ಬರುತ್ತಿಲ್ಲ’ ಎಂದು ಬೊಬ್ಬೆ ಹಾಕಬಹುದು. ಇದಕ್ಕೆ ದೂರಸಂಪರ್ಕ ಎಂಜಿನಿಯರುಗಳು ಹಿಂದೆಯೇ ಒಂದು ಚಂದದ ಉಪಾಯ ಮಾಡಿದ್ದರು. ಸಂಕೇತ ಕಳೆದುಕೊಂಡ ಮೊದಲ ಉಪಕರಣ ಸುಮ್ಮನಿರುವ ಬದಲು ಮುಂದಿನವರಿಗೆ ಬರೀ 1, 1, 1, 1 ಎಂದು ಒಂದೇ ಸಮನೆ ಕಳಿಸುತ್ತದೆ. ಸೊನ್ನೆಯೇ ಇಲ್ಲದ ಈ ಸಾಲು ಬಂದರೆ ‘ದೋಷ ನಿನ್ನಲ್ಲಿಲ್ಲ, ಹಿಂದೆಲ್ಲೋ ಆಗಿದೆ, ನೀನು ಗಲಾಟೆ ಮಾಡಬೇಡ’ ಎಂದು ಅರ್ಥ. ನಿಜವಾದ ಕೂಗು ತುಂಡಾದ ಜಾಗದ ಬಳಿಯಿಂದ ಮಾತ್ರ ಬರುತ್ತದೆ. ಎಷ್ಟು ಸರಳ, ನೋಡಿ!

ಹಾಗಾಗಿ ನಮ್ಮ ತಂಡದ ಹಿರಿಯರೊಬ್ಬರು ಪಟ್ಟಿಗೆ ಒಂದು ಚೌಕ ಹೆಚ್ಚಿಗೆ ಸೇರಿಸಿದರು. ‘ಇದು ಬಂದರೆ ಮನುಷ್ಯ ಏನು ಮಾಡಬೇಕು?’ ನನ್ನ ಮಟ್ಟಿಗೆ ಉಳಿದ ಎಲ್ಲ ಚೌಕಗಳಿಗಿಂತ ಇದೇ ದೊಡ್ಡದು. ಉಪಕರಣ ತಯಾರಕರು ಕೊಟ್ಟ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಾ ಹೋದೆವು. ‘ಕಂಬದ ವಿದ್ಯುತ್ ಇಲ್ಲ.’ ಏನು ಮಾಡಬೇಕು? ಜನರೇಟರ್ ಚಾಲೂ ಆಯಿತೇ ನೋಡಬೇಕು, ಇಲ್ಲವಾದರೆ ಬ್ಯಾಟರಿ ಸೋಲುವ ಮುನ್ನ ಜನ ಕಳಿಸಬೇಕು. ಸರಿ, ಇದು ಅಲಾರಂ. ‘ಗಡಿಯಾರ ಹೊಂದಿಸಲಾಯಿತು.’ ಏನು ಮಾಡಬೇಕು? ಏನೂ ಇಲ್ಲ. ‘ಒಬ್ಬ ತಂತ್ರಜ್ಞ ಲಾಗಿನ್ ಆದ.’ ಏನೂ ಇಲ್ಲ. ಇವು ಘಟನೆಗಳು. ದಿನಚರಿಯಲ್ಲಿ ಬರೆದಿಟ್ಟುಕೊಳ್ಳೋಣ, ಯಾರನ್ನೂ ಎಬ್ಬಿಸುವುದು ಬೇಡ. ಹೀಗೆ ಮಾಡುತ್ತಾ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಸಾಲುಗಳಿಗೆ ಅಡ್ಡಗೆರೆ ಬಿತ್ತು. ಅಳಿಸುವಾಗಲೆಲ್ಲ ಜಗಳ. ‘ಇರಲಿ ಬಿಡಿ ಸಾರ್, ಮುಂದೆ ಬೇಕಾಗಬಹುದು’ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಿದ್ದರು. ಆಗ ಹಿರಿಯರು ಆ ಖಾಲಿ ಚೌಕದ ಮೇಲೆ ಬೆರಳಿಡುತ್ತಿದ್ದರು, ಅಷ್ಟೆ.

ಗೋಪುರಗಳ 1, 2, 3, 4ರ ಕಿಂಡಿಗಳದು ಬೇರೆಯೇ ಕಥೆ. ಅದಕ್ಕೆ ಗಣಕದ ಮುಂದೆ ಕುಳಿತರೆ ಆಗುವುದಿಲ್ಲ. ಜನರು ಒಂದೊಂದು ಗೋಪುರಕ್ಕೂ ಹೋಗಿ, ಬಾಗಿಲು ತೆರೆದು, ಆ ಕಡೆ ಬೆಂಗಳೂರಿನಲ್ಲಿ ಏನು ಕಾಣಿಸಿತು ಎಂದು ಫೋನಿನಲ್ಲಿ ಕೇಳಿ, ತಂತಿಗಳನ್ನು ಒಂದೇ ಕ್ರಮಕ್ಕೆ ತರಬೇಕಾಯಿತು. ಒಂದು ಇಡೀ ಬೇಸಿಗೆ ಇದಕ್ಕೇ ಹೋಯಿತು.

ನಾವು ಒಂದು ಕಂಪನಿಯೊಳಗೆ ಮಾಡಿದ ಇಂಥ ಕೆಲಸವನ್ನು ಜಗತ್ತಿನ ಬೇರೆಬೇರೆ ಕಡೆ ಇನ್ನೂ ಅನೇಕರು ಮಾಡುತ್ತಿದ್ದರು. ಉಪಕರಣಗಳ ದತ್ತಾಂಶದ ಚೌಕಟ್ಟನ್ನು ಬರೆಯಲೆಂದೇ ‘ಯಾಂಗ್’ ಎಂಬ ಭಾಷೆ 2010ರಲ್ಲಿ ಬಂತು. ಅಂತರಜಾಲದ ನಿಯಮಗಳನ್ನು ರೂಪಿಸುವ ಐಇಟಿಎಫ್ ಎಂಬ ಎಂಜಿನಿಯರುಗಳ ಕೂಟ 2019ರ ಸೆಪ್ಟೆಂಬರಿನಲ್ಲಿ ‘ಆರ್‌ಎಫ್‌ಸಿ 8632’ ಎಂಬ ದಾಖಲೆಯನ್ನು ಪ್ರಕಟಿಸಿತು. ಅದು ಯಾಂಗ್ ಭಾಷೆಯಲ್ಲಿ ಅಲಾರಂ ಎಂದರೇನೆಂದು ಗೊತ್ತುಮಾಡುತ್ತದೆ. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ಅಲಾರಂ ಎನ್ನಿಸಿಕೊಳ್ಳಬೇಕಾದರೆ ಒಂದು ವಸ್ತು ಇರಬಾರದ ಸ್ಥಿತಿಯಲ್ಲಿರಬೇಕು, ಮತ್ತು ಅದನ್ನು ಸರಿಪಡಿಸಲು ಏನಾದರೂ ಮಾಡಲೇಬೇಕಾಗಿರಬೇಕು ಎಂಬ ಅರ್ಥದ ವ್ಯಾಖ್ಯೆ ಅದರಲ್ಲಿದೆ. ನಮ್ಮ ಹಿರಿಯರ ಚೌಕವೇ! ಉಪಕರಣವು ತಾನು ಯಾವ ಯಾವ ಅಲಾರಂ ಕಳಿಸಬಲ್ಲೆ ಎಂಬ ಪಟ್ಟಿಯನ್ನು ಮೊದಲೇ ಒಪ್ಪಿಸಬೇಕೆಂದೂ ಅದರಲ್ಲಿದೆ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ‘ದೋಷ ಹೋಯಿತು’ ಎಂದು ಉಪಕರಣ ಹೇಳುವುದಕ್ಕೆ ಒಂದು ಚೌಕ, ‘ನಾನು ಇದನ್ನು ನೋಡಿದ್ದೇನೆ, ಮುಗಿಸಿದ್ದೇನೆ’ ಎಂದು ಮನುಷ್ಯ ಹೇಳುವುದಕ್ಕೆ ಬೇರೆ ಚೌಕ. ಜ್ವರ ಬಿಟ್ಟಿದೆ ಎಂದು ಥರ್ಮಾಮೀಟರ್ ಹೇಳಬಹುದು. ಶಾಲೆಗೆ ಹೋಗಬಹುದು ಎಂದು ವೈದ್ಯರೇ ಹೇಳಬೇಕು, ಅಲ್ಲವೇ?

ಈಗ ನಿಮಗೊಂದು ಕೆಲಸ. ನಿಮ್ಮ ಶಾಲೆಯನ್ನೇ ಒಂದು ಉಪಕರಣ ಎಂದುಕೊಳ್ಳಿ. ನೀರಿನ ಟ್ಯಾಂಕು, ಬಿಸಿಯೂಟದ ಅಡುಗೆಮನೆಯ ಗ್ಯಾಸ್ ಸಿಲಿಂಡರು, ಶೌಚಾಲಯದ ನಲ್ಲಿ, ಗೇಟಿನ ಬೀಗ, ಇನ್ನೂ ನಿಮಗೆ ತೋಚಿದ್ದನ್ನು ಬರೆದುಕೊಳ್ಳಿ. ಪುಸ್ತಕದಲ್ಲಿ ಗೆರೆ ಎಳೆದು ಎಲ್ಲಿ, ಬಗೆ, ತೀವ್ರತೆ, ಯಾವಾಗ, ಏನು ಮಾಡಬೇಕು ಎಂದು ಐದು ಅಂಕಣ ಮಾಡಿ. ‘ಗಂಟೆ ಬಾರಿಸಿತು’ ಎಂಬುದು ಅಲಾರಂ ಆಗುತ್ತದೆಯೇ? ‘ಟ್ಯಾಂಕು ಖಾಲಿ’ ಎಂಬುದು ಭಾನುವಾರ ಯಾವ ತೀವ್ರತೆ, ಸೋಮವಾರ ಬೆಳಿಗ್ಗೆ ಯಾವ ತೀವ್ರತೆ? ಗೆಳೆಯರೊಂದಿಗೆ ವಾದ ಮಾಡಿ, ಬೇಕಾದರೆ ಜಗಳವನ್ನೂ ಆಡಿ. ‘ಟ್ಯಾಂಕು ತುಂಬಿ ಹರಿಯುತ್ತಿದೆ’ ಎಂಬುದಕ್ಕೂ ಒಂದು ಸಾಲು ಇರಲಿ. ಅದರ ಕೊನೆಯ ಚೌಕ ತುಂಬುವ ಮೊದಲು ಮೋಟಾರಿನ ಸ್ವಿಚ್ಚು ಯಾವ ಕೋಣೆಯಲ್ಲಿದೆ, ಆ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ವಿಚಾರಿಸಿಕೊಂಡು ಬನ್ನಿ.